‘ಹಾಲು ಸಾಲ್ತಾ ಇಲ್ಲ’

ಬಾಣಂತಿ ಇರುವ ಮನೆಯಲ್ಲಿ ಈ ಒಂದು ಮಾತು ಎಲ್ಲರ ಬಾಯಲ್ಲೂ ಬರುತ್ತದೆ: ‘ಇವಳಿಗೆ ಹಾಲು ಸಾಲ್ತಾ ಇಲ್ಲ.’ ಅಜ್ಜಿ ಅಡುಗೆಮನೆಯಲ್ಲಿ ಮೆಲ್ಲಗೆ ಅನ್ನುತ್ತಾರೆ, ಮಗು ನೋಡಲು ಬಂದ ನೆಂಟರು ಗಟ್ಟಿಯಾಗಿಯೇ ಅನ್ನುತ್ತಾರೆ, ನಾಲ್ಕು ಸಲ ಕೇಳಿಸಿಕೊಂಡ ಮೇಲೆ ಬಾಣಂತಿಯೂ ಅದನ್ನೇ ಅನ್ನತೊಡಗುತ್ತಾಳೆ. ಮಾತು ಹುಟ್ಟುವುದು ಸಾಮಾನ್ಯವಾಗಿ ಮೂರನೆಯ ರಾತ್ರಿ. ಮಗು ಹತ್ತು ನಿಮಿಷ ಚೀಪಿ ಕಣ್ಣು ಮುಚ್ಚುತ್ತದೆ, ತೊಟ್ಟಿಲಿಗೆ ಹಾಕಿದ ಕೂಡಲೇ ಕಿರುಚುತ್ತದೆ. ಎತ್ತಿಕೊಂಡರೆ ಮತ್ತೆ ಚೀಪುತ್ತದೆ. ತಾಯಿಗೆ ಹೊಲಿಗೆ ಎಳೆಯುತ್ತಿದೆ, ಮೊಲೆತೊಟ್ಟು ಬಿರಿದಿದೆ, ನಿದ್ದೆಯಿಲ್ಲ. ಬೆಳಗಾಗುತ್ತಲೇ ಯಾರೋ ಒಬ್ಬರು ಮೆಡಿಕಲ್ ಶಾಪಿನ ಮುಂದೆ ನಿಂತು ಪುಡಿ ಹಾಲಿನ ಡಬ್ಬಿ ಕೇಳುತ್ತಾರೆ.

ಹೇಳಿದ ಹೊತ್ತಿಗೆ ಆ ಮಾತು ಬಹುಪಾಲು ಮನೆಗಳಲ್ಲಿ ಸುಳ್ಳು. ಆದರೆ ಹೇಳಿ ಎರಡು ವಾರವಾಗುವಷ್ಟರಲ್ಲಿ ಅನೇಕ ಮನೆಗಳಲ್ಲಿ ಅದು ನಿಜವಾಗಿಬಿಟ್ಟಿರುತ್ತದೆ. ಸುಳ್ಳು ಮಾತೊಂದು ತನ್ನನ್ನು ತಾನೇ ನಿಜ ಮಾಡಿಕೊಳ್ಳುವ ಈ ವಿದ್ಯಮಾನಕ್ಕೆ ಶರೀರಶಾಸ್ತ್ರದಲ್ಲಿ ಸ್ಪಷ್ಟ ವಿವರಣೆಯಿದೆ. ಅದನ್ನು ತಿಳಿದರೆ ಬಾಣಂತನದಲ್ಲಿ ಯಾವುದು ಔಷಧ, ಯಾವುದು ಬರೀ ಪದ್ಧತಿ ಎಂಬುದೂ ತಿಳಿಯುತ್ತದೆ.

ಮೊದಲ ಮೂರು ದಿನ

ಹಾಲು ತಯಾರಾಗಲು ಶುರುವಾಗುವುದು ಹೆರಿಗೆಗಿಂತ ಎಷ್ಟೋ ಮೊದಲು. ಬಸಿರಿನ ಐದನೇ ತಿಂಗಳ ಹೊತ್ತಿಗೇ ಮೊಲೆಯೊಳಗಿನ ಹಾಲುಕೋಶಗಳು ಸಿದ್ಧವಾಗಿ, ದಪ್ಪನೆಯ ಹಳದಿ ಹಾಲನ್ನು ಒಂದಿಷ್ಟು ಮಾಡಿಟ್ಟುಕೊಂಡಿರುತ್ತವೆ. ಅದಕ್ಕಿಂತ ಹೆಚ್ಚು ಮಾಡದಂತೆ ಅವುಗಳನ್ನು ತಡೆದು ನಿಲ್ಲಿಸುವುದು ಮಾಸು. ಮಗುವಿಗೆ ಹೊಟ್ಟೆಯೊಳಗೆ ಆಹಾರ ಮುಟ್ಟಿಸುವ ಈ ಅಂಗವೇ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನನ್ನು ಸುರಿಸುತ್ತಿರುತ್ತದೆ. ಹೆರಿಗೆಯಲ್ಲಿ ಮಗುವಿನ ಹಿಂದೆ ಮಾಸು ಬಿದ್ದುಹೋದಾಗ ರಕ್ತದಲ್ಲಿ ಪ್ರೊಜೆಸ್ಟೆರಾನ್ ದಿಢೀರನೆ ಇಳಿಯುತ್ತದೆ, ತಡೆ ತೆರವಾಗುತ್ತದೆ. ಆದರೂ ಕೋಶಗಳು ಪೂರ್ಣ ವೇಗ ಹಿಡಿಯಲು ಎರಡರಿಂದ ಮೂರು ದಿನ ಬೇಕು. ಚೊಚ್ಚಲ ಹೆರಿಗೆ, ಸಿಸೇರಿಯನ್ ಅಥವಾ ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಇನ್ನೊಂದು ದಿನ ತಡವಾಗಬಹುದು. ಮಾಸಿನ ಒಂದು ಚೂರು ಗರ್ಭಕೋಶದಲ್ಲೇ ಉಳಿದುಬಿಟ್ಟರೆ ತಡೆಯೂ ಉಳಿಯುತ್ತದೆ, ಹಾಲು ಇಳಿಯುವುದೇ ಇಲ್ಲ. ಆ ಚೂರನ್ನು ತೆಗೆದ ಮೇಲೆ ಇಳಿಯುತ್ತದೆ.

ಅಂದರೆ ಮೂರನೆಯ ರಾತ್ರಿ ಎನ್ನುವುದು ಹಾಲು ‘ಬರದ’ ರಾತ್ರಿಯಲ್ಲ, ಬರುವ ದಾರಿಯಲ್ಲಿರುವ ರಾತ್ರಿ. ಅಲ್ಲಿಯವರೆಗೆ ಮಗುವಿಗೆ ಸಿಗುವುದು ಆ ಹಳದಿ ಹಾಲು, ಕೊಲೋಸ್ಟ್ರಮ್. ಮೊದಲ ದಿನ ಅದು ಒಟ್ಟಾರೆ ಒಂದೆರಡು ದೊಡ್ಡ ಚಮಚದಷ್ಟೇ. ಇಷ್ಟರಲ್ಲಿ ಮಗುವಿಗೆ ಏನಾಗುತ್ತದೆ ಎಂದು ಹಿರಿಯರಿಗೆ ಆತಂಕ. ಆದರೆ ಅಂದಿನ ಮಗುವಿನ ಹೊಟ್ಟೆಗೆ ಹಿಡಿಸುವುದೂ ಅಷ್ಟೇ. ಹುಟ್ಟುವಾಗಲೇ ಅದು ಮೈಯಲ್ಲಿ ಹೆಚ್ಚುವರಿ ನೀರನ್ನು ತುಂಬಿಕೊಂಡು ಬಂದಿರುತ್ತದೆ. ಹಾಗಾಗಿ ಮೊದಲ ದಿನಗಳಲ್ಲಿ ತೂಕ ಶೇ. 5ರಿಂದ 7ರಷ್ಟು ಇಳಿದು, ಎರಡು ವಾರದೊಳಗೆ ಮರಳಿ ಬರುವುದು ಸಹಜ. ಶೇ. 10 ದಾಟಿದರೆ ಮಾತ್ರ ವೈದ್ಯರು ತಕ್ಷಣ ನೋಡಬೇಕು.

ಕೊಲೋಸ್ಟ್ರಮ್‌ನಲ್ಲಿ ಹೊಟ್ಟೆ ತುಂಬಿಸುವ ಅಂಶಕ್ಕಿಂತ ಕಾವಲು ಕಾಯುವ ಅಂಶ ಹೆಚ್ಚು. ಐಜಿ-ಎ ಎಂಬ ಪ್ರತಿಕಾಯಗಳು ಮಗುವಿನ ಕರುಳಿನ ಒಳಗೋಡೆಗೆ ಸವರಿದಂತೆ ಹರಡಿ, ತಾಯಿ ಈ ಮೊದಲೇ ಎದುರಿಸಿದ ರೋಗಾಣುಗಳಿಗೆ ಅಲ್ಲಿ ಕಾಲೂರಲು ಬಿಡುವುದಿಲ್ಲ. ಇದನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲಿ, ಬದಲಿಗೆ ಜೇನುತುಪ್ಪ, ಸಕ್ಕರೆ ನೀರು, ಬೀದಿಯಲ್ಲಿ ಕೂಗಿಕೊಂಡು ಬಂದವರಿಂದ ಕೊಂಡ ಕತ್ತೆ ಹಾಲು ನೆಕ್ಕಿಸುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಜೇನುತುಪ್ಪದಲ್ಲಿ ಬಾಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಾಣುಗಳಿರಬಹುದು. ದೊಡ್ಡವರ ಕರುಳು ಅವನ್ನು ತಡೆದುಕೊಳ್ಳುತ್ತದೆ, ವರ್ಷ ತುಂಬದ ಕೂಸಿನ ಕರುಳಿಗೆ ಅದು ಸಾಧ್ಯವಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಶೇ. 88.6 ಹೆರಿಗೆಗಳು ಆಸ್ಪತ್ರೆಯಲ್ಲಾದವು. ಆದರೆ ಹುಟ್ಟಿದ ಗಂಟೆಯೊಳಗೆ ಮೊಲೆ ಹಿಡಿದ ಮಕ್ಕಳು ಶೇ. 41.8 ಮಾತ್ರ. ಹೆರಿಗೆ ಮನೆಯಿಂದ ಆಸ್ಪತ್ರೆಗೆ ಹೋದಷ್ಟು ಸುಲಭವಾಗಿ ಆ ಮೊದಲ ಗಂಟೆ ತಾಯಿ-ಮಗುವಿನ ಕೈಗೆ ಬಂದಿಲ್ಲ.

ಖಾಲಿಯಾದಷ್ಟೂ

ಮೂರು ದಿನ ಕಳೆದ ಮೇಲೆ ಆಡಳಿತ ಬದಲಾಗುತ್ತದೆ. ಹಾಲಿನ ಪ್ರಮಾಣ ಇನ್ನು ಮುಂದೆ ತಾಯಿ ಏನು ತಿಂದಳು ಎಂಬುದಕ್ಕಿಂತ ಮಗು ಎಷ್ಟು ಸಲ, ಎಷ್ಟು ಚೆನ್ನಾಗಿ ಕುಡಿಯಿತು ಎಂಬುದರ ಮೇಲೆ ನಿಂತಿರುತ್ತದೆ.

ಮಗು ಚೀಪಿದಾಗ ಮೊಲೆತೊಟ್ಟಿನ ನರಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಪಿಟ್ಯುಟರಿ ಗ್ರಂಥಿಯ ಮುಂಭಾಗದಿಂದ ಪ್ರೊಲ್ಯಾಕ್ಟಿನ್, ಹಿಂಭಾಗದಿಂದ ಆಕ್ಸಿಟೋಸಿನ್ ಹೊರಡುತ್ತವೆ. ಪ್ರೊಲ್ಯಾಕ್ಟಿನ್‌ನದು ಹಾಲು ಮಾಡಿಸುವ ಕೆಲಸ, ಆಕ್ಸಿಟೋಸಿನ್‌ನದು ಮಾಡಿಟ್ಟ ಹಾಲನ್ನು ಹೊರಗೆ ದೂಡಿಸುವ ಕೆಲಸ. ಪ್ರೊಲ್ಯಾಕ್ಟಿನ್ ರಾತ್ರಿ ಹೊತ್ತು ಹೆಚ್ಚು ಹರಿಯುತ್ತದೆ. ರಾತ್ರಿ ಎರಡು ಗಂಟೆಗೆ ಎಬ್ಬಿಸುವ ಮಗು ತಾಯಿಗೆ ಎಷ್ಟೇ ಕಾಟ ಕೊಟ್ಟರೂ ನಾಳೆಯ ಹಾಲಿಗೆ ಅತ್ಯುತ್ತಮ ಸಮಯದಲ್ಲೇ ಬೇಡಿಕೆ ಸಲ್ಲಿಸುತ್ತಿದೆ.

ಇವೆರಡರ ಜೊತೆಗೆ ಮೂರನೆಯ ನಿಯಂತ್ರಣವೊಂದಿದೆ. ಅದು ಇರುವುದು ಮೊಲೆಯ ಒಳಗೇ. ಸ್ಕಾಟ್ಲೆಂಡಿನ ಹ್ಯಾನಾ ಸಂಶೋಧನಾ ಸಂಸ್ಥೆಯಲ್ಲಿ ಮಾಲ್ಕಮ್ ಪೀಕರ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಮೇಕೆಗಳ ಮೇಲೆ ಒಂದು ಸರಳ ಪ್ರಯೋಗ ಮಾಡಿದರು. ಕೆಚ್ಚಲಿನ ಒಂದು ಭಾಗವನ್ನು ದಿನಕ್ಕೆ ಎರಡು ಸಲ ಕರೆದರು, ಇನ್ನೊಂದು ಭಾಗವನ್ನು ಮೂರು ಸಲ. ಮೂರು ಸಲ ಕರೆದ ಕಡೆ ಹಾಲು ಹೆಚ್ಚಾಯಿತು, ಪಕ್ಕದ ಭಾಗ ಹಾಗೆಯೇ ಉಳಿಯಿತು. ಎರಡೂ ಕಡೆ ಹರಿಯುವುದು ಒಂದೇ ರಕ್ತ, ಅವೇ ಹಾರ್ಮೋನುಗಳು. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ತುಂಬಿದ ಕೆಚ್ಚಲಿನ ಒತ್ತಡದಿಂದಿರಬಹುದೆ ಎಂದು ನೋಡಲು, ಕರೆದ ಹಾಲಿನ ಜಾಗಕ್ಕೆ ಅಷ್ಟೇ ಪ್ರಮಾಣದ ನಿರುಪದ್ರವಿ ದ್ರಾವಣ ತುಂಬಿದರು. ಆಗಲೂ ಹಾಲು ಹೆಚ್ಚಿತು. ನಿಂತ ಹಾಲಿನೊಳಗೇ ‘ಇನ್ನು ಸಾಕು’ ಎಂದು ಕೋಶಗಳಿಗೆ ತಿಳಿಸುವ ಏನೋ ಇರುತ್ತದೆ ಎಂಬ ತೀರ್ಮಾನಕ್ಕೆ ಅವರು ಬಂದರು. ಹಾಲು ಹೊರಹೋದರೆ ತಡೆಯೂ ಹೊರಹೋಗುತ್ತದೆ. ಹಸು ಕಟ್ಟಿದವರಿಗೆ ಇದನ್ನು ಪ್ರಯೋಗ ಮಾಡಿ ತೋರಿಸಬೇಕಿಲ್ಲ. ಹೊತ್ತಿಗೆ ಸರಿಯಾಗಿ ಕರೆಯದೆ ಬಿಟ್ಟ ಕೆಚ್ಚಲು ಬತ್ತುತ್ತದೆಂದು ಅವರಿಗೆ ಗೊತ್ತು.

ಈಗ ಮೂರನೆಯ ರಾತ್ರಿಯ ಡಬ್ಬಿಗೆ ಬರೋಣ. ಮಗುವಿಗೆ ಬಾಟಲಿಯಲ್ಲಿ ಪುಡಿ ಹಾಲು ಕೊಟ್ಟಾಗಿದೆ. ಹೊಟ್ಟೆ ಬಿರಿಯುವಂತೆ ಕುಡಿದ ಅದು ನಾಲ್ಕು ಗಂಟೆ ಮಲಗುತ್ತದೆ. ಮನೆಯವರಿಗೆಲ್ಲ ನೆಮ್ಮದಿ, ‘ಪಾಪ, ಹಸಿವಾಗಿತ್ತು ನೋಡಿ’ ಎಂಬ ಉದ್ಗಾರ. ಅತ್ತ ನಾಲ್ಕು ಗಂಟೆ ಕಾಲ ತುಂಬಿ ನಿಂತ ಮೊಲೆಯಲ್ಲಿ ತಡೆ ಕೆಲಸ ಶುರುಮಾಡಿದೆ, ಪ್ರೊಲ್ಯಾಕ್ಟಿನ್‌ನ ಒಂದೆರಡು ಉಬ್ಬರಗಳು ತಪ್ಪಿಹೋಗಿವೆ. ಮರುದಿನ ತಯಾರಾಗುವ ಹಾಲು ಒಂದಿಷ್ಟು ಕಡಿಮೆ. ಅದನ್ನು ತುಂಬಿಸಲು ಇನ್ನೊಂದು ಬಾಟಲಿ. ಶ್ರಮವಿಲ್ಲದೆ ಸುರಿಯುವ ಬಾಟಲಿ ರೂಢಿಯಾದ ಮಗು ಮೊಲೆಯ ಮುಂದೆ ಮುಖ ತಿರುಗಿಸುತ್ತದೆ. ಎರಡು ವಾರ ಕಳೆದ ಮೇಲೆ ಅಜ್ಜಿ ಹೇಳುತ್ತಾರೆ: ‘ನಾನು ಅವತ್ತೇ ಹೇಳಿರಲಿಲ್ವಾ?’ ಹಾಲಿನ ಪುಡಿಯ ಜಾಹೀರಾತನ್ನೂ ಉಚಿತ ಸ್ಯಾಂಪಲ್ಲನ್ನೂ ನಿಷೇಧಿಸುವ ಕಾನೂನು ನಮ್ಮಲ್ಲಿ 1992ರಲ್ಲಿ ಬಂದು, 2003ರಲ್ಲಿ ಇನ್ನಷ್ಟು ಬಿಗಿಯಾದುದರ ಹಿಂದೆ ಈ ಸರಪಳಿಯ ಅರಿವಿದೆ.

ಎಷ್ಟು ಸಲ ಕುಡಿಸಬೇಕು ಎಂಬುದಕ್ಕೂ ಗಡಿಯಾರದ ಲೆಕ್ಕ ಹೊಂದುವುದಿಲ್ಲ. ಆಸ್ಟ್ರೇಲಿಯಾದ ಪರ್ತ್‌ನ ಸಂಶೋಧಕರು ಬರೀ ತಾಯಿಹಾಲು ಕುಡಿದು ಚೆನ್ನಾಗಿ ಬೆಳೆಯುತ್ತಿದ್ದ, ಒಂದರಿಂದ ಆರು ತಿಂಗಳ 71 ಮಕ್ಕಳನ್ನು ಪ್ರತಿಸಲ ಕುಡಿಸುವ ಮುಂಚೆ ಮತ್ತು ನಂತರ ತೂಕ ಮಾಡಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಕ್ಕೆ 6 ಸಲ ಕುಡಿಯುವ ಮಗುವೂ ಇತ್ತು, 18 ಸಲ ಕುಡಿಯುವ ಮಗುವೂ ಇತ್ತು. ಸರಾಸರಿ ದಿನದ ಹಾಲು 788 ಗ್ರಾಂ, ಆದರೆ ಒಬ್ಬೊಬ್ಬರಲ್ಲಿ 478ರಿಂದ 1356 ಗ್ರಾಂವರೆಗೆ ವ್ಯತ್ಯಾಸ. ಎಲ್ಲ ಮಕ್ಕಳೂ ಆರೋಗ್ಯವಾಗಿದ್ದರು. ಮಕ್ಕಳು ಮೊಲೆಯನ್ನು ಪೂರ್ತಿ ಖಾಲಿ ಮಾಡುತ್ತಲೂ ಇರಲಿಲ್ಲ, ಸರಾಸರಿ ಮೂರನೇ ಎರಡು ಪಾಲು ಕುಡಿದು ಬಿಡುತ್ತಿದ್ದವು. ಪಕ್ಕದ ಮನೆಯ ಮಗು ಮೂರು ಗಂಟೆ ಮಲಗುತ್ತದೆ, ನಮ್ಮದು ಒಂದೇ ಗಂಟೆ ಎಂಬ ಹೋಲಿಕೆಗೆ ಇಲ್ಲಿ ಬೆಲೆಯಿಲ್ಲ. ಮೊಲೆಯ ಗಾತ್ರಕ್ಕೂ ದಿನದ ಹಾಲಿನ ಪ್ರಮಾಣಕ್ಕೂ ಸಂಬಂಧವಿಲ್ಲ. ಗಾತ್ರವನ್ನು ಹೆಚ್ಚಾಗಿ ನಿರ್ಧರಿಸುವುದು ಕೊಬ್ಬು, ಹಾಲು ಮಾಡುವುದು ಗ್ರಂಥಿ.

ಹಾಲು ಹೊರಬರಬೇಕಾದರೆ ಮಗು ಸರಿಯಾಗಿ ಹಿಡಿದಿರಬೇಕು. ಬರೀ ತೊಟ್ಟನ್ನು ಕಚ್ಚಿದರೆ ತಾಯಿಗೆ ನೋವು, ಮಗುವಿಗೆ ಗಾಳಿ. ಬಾಯಿ ಆಕಳಿಸಿದಷ್ಟು ಅಗಲ ತೆರೆದು, ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಬಹುಪಾಲು, ಅದರಲ್ಲೂ ಕೆಳಗಿನದು, ಬಾಯೊಳಗೆ ಹೋಗಬೇಕು. ಗದ್ದ ಮೊಲೆಗೆ ತಾಗಿರಬೇಕು, ಕೆಳತುಟಿ ಹೊರಗೆ ಮಡಿಚಿರಬೇಕು. ನುಂಗುವ ಸದ್ದು ಕೇಳಿಸಬೇಕು. ತೊಟ್ಟು ಬಿರಿದರೆ ಎಣ್ಣೆ ಹಚ್ಚುವುದಕ್ಕಿಂತ ಮುಂಚೆ ಈ ಹಿಡಿತವನ್ನು ನೋಡಿ. ಎಷ್ಟೋ ‘ಹಾಲಿಲ್ಲ’ಗಳು ಇಲ್ಲೇ ಪರಿಹಾರವಾಗುತ್ತವೆ.

ಐಸ್ ನೀರು ಮತ್ತು ಮಗ್ಗಿ

1948ರಲ್ಲಿ ಅಮೆರಿಕದ ದಂಪತಿ ಮೈಕೆಲ್ ಮತ್ತು ನೈಲ್ಸ್ ನ್ಯೂಟನ್ ಒಂದು ವಿಚಿತ್ರ ಪ್ರಬಂಧ ಪ್ರಕಟಿಸಿದರು. ಹಾಲೂಡಿಸುತ್ತಿದ್ದ ನೈಲ್ಸ್ ಅವರೇ ಪ್ರಯೋಗಕ್ಕೆ ಒಡ್ಡಿಕೊಂಡ ತಾಯಿ. ಕೆಲವು ದಿನ ಆಕೆ ನೆಮ್ಮದಿಯಾಗಿ ಕುಡಿಸಿದರು. ಕೆಲವು ದಿನ ಕುಡಿಸುವ ಹೊತ್ತಿಗೆ ಆಕೆಯ ಕಾಲನ್ನು ಐಸ್ ನೀರಲ್ಲಿ ಇಡಿಸಿದರು, ಕಾಲ್ಬೆರಳು ಜಗ್ಗಿದರು, ಇಲ್ಲವೆ ಒಂದಾದ ಮೇಲೊಂದು ಬಾಯಿಲೆಕ್ಕ ಕೇಳಿದರು. ಪ್ರತಿಸಲವೂ ಮಗುವನ್ನು ತೂಗಿ ಎಷ್ಟು ಹಾಲು ಕುಡಿದಿದೆ ಎಂದು ನೋಡಿದರು. ನೆಮ್ಮದಿಯ ದಿನ ಸರಾಸರಿ 168 ಗ್ರಾಂ, ಕಾಟ ಕೊಟ್ಟ ದಿನ 99 ಗ್ರಾಂ. ಕಾಟದ ಜೊತೆಗೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಟ್ಟ ದಿನ 153 ಗ್ರಾಂ. ಹಾಲು ಒಳಗೆ ಇದ್ದೇ ಇತ್ತು, ಮನಸ್ಸಿನ ಗೊಂದಲಕ್ಕೆ ಅದು ಇಳಿಯಲಿಲ್ಲ ಅಷ್ಟೆ. ಪ್ರಯೋಗಕ್ಕೆ ಒಳಗಾದವರು ಒಬ್ಬರೇ, ನಿಜ. ಆದರೆ ನೋವು ಮತ್ತು ಒತ್ತಡ ಆಕ್ಸಿಟೋಸಿನ್ ಹರಿವನ್ನು ತಗ್ಗಿಸುತ್ತವೆ ಎಂಬುದನ್ನು ಮುಂದಿನ ಅಧ್ಯಯನಗಳೂ ಕಂಡುಕೊಂಡಿವೆ.

ನಮ್ಮ ಬಾಣಂತಿಯ ಕೋಣೆಯಲ್ಲಿ ಐಸ್ ನೀರಿಲ್ಲ. ಆದರೆ ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲಮ್ಮ’ ಎನ್ನುವವರಿದ್ದಾರೆ. ಕುಡಿಸುವಾಗ ಬಾಗಿಲು ತಳ್ಳಿಕೊಂಡು ಒಳಬರುವವರಿದ್ದಾರೆ. ಸಿಸೇರಿಯನ್ ಹೊಲಿಗೆಯ ನೋವಿದೆ. ಹುಟ್ಟಿದ್ದು ಹೆಣ್ಣೆಂದು ಮುಖ ಸಣ್ಣ ಮಾಡಿಕೊಂಡವರೂ ಇದ್ದಾರೆ.

ಹಾಗೆ ನೋಡಿದರೆ ಬಾಣಂತನ ಎಂಬ ವ್ಯವಸ್ಥೆಯ ನಿಜವಾದ ವಿಜ್ಞಾನ ಇಲ್ಲಿದೆ. ಚೊಚ್ಚಲು ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು, ತಿಂಗಳುಗಟ್ಟಲೆ ನೀರು ಕಾಯಿಸಿ ಹಾಕುವುದು, ಕೈಗೆ ಬಿಸಿ ಊಟ ಕೊಡುವುದು, ಮೈಲಿಗೆಯ ಹೆಸರಲ್ಲೇ ಆಗಲಿ ಒಲೆಯ ಮುಂದೆ ಕೂರಿಸದಿರುವುದು, ಇವೆಲ್ಲ ತಾಯಿಗೆ ಮಗುವಿನ ಜೊತೆ ದಿನವಿಡೀ ಮಲಗಿರಲು ಅವಕಾಶ ಕೊಡುತ್ತವೆ. ಕೇಳಿದಾಗಲೆಲ್ಲ ಕುಡಿಸಲು ಬೇಕಾದ ಬಿಡುವು ಹಾಗೆ ಸಿಗುತ್ತದೆ. ಲೇಹ್ಯ, ಕಷಾಯ, ಅಂಟಿನುಂಡೆಗಳಿಗೆ ಸಿಗುವ ಕೀರ್ತಿಯ ದೊಡ್ಡ ಪಾಲು ಸಲ್ಲಬೇಕಾದ್ದು ಈ ಬಿಡುವಿಗೆ.

ಪಥ್ಯದ ತಟ್ಟೆ

ಹಾಲಿನ ಪ್ರಮಾಣ ತಾಯಿಯ ಊಟವನ್ನು ಅಷ್ಟಾಗಿ ಅವಲಂಬಿಸಿಲ್ಲ. ಅರೆಹೊಟ್ಟೆ ಉಣ್ಣುವ ತಾಯಂದಿರೂ ತಮ್ಮ ಮೈಯ ಸಂಗ್ರಹವನ್ನು ಕರಗಿಸಿ ಮಗುವಿಗೆ ಸಾಕಷ್ಟು ಹಾಲು ಕೊಡುತ್ತಾರೆ. ಸಬ್ಬಸಿಗೆ, ಮೆಂತ್ಯ, ಬೆಳ್ಳುಳ್ಳಿ ಹಾಲು ಹೆಚ್ಚಿಸುತ್ತವೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ, ತಿಂದರೆ ಹಾನಿಯೂ ಇಲ್ಲ. ಉತ್ತರ ಕರ್ನಾಟಕದ ಅಳವಿಯ ಉಂಡಿಯಲ್ಲಿ ಕಬ್ಬಿಣವಿದೆ. ಹೆರಿಗೆಯಲ್ಲಿ ರಕ್ತ ಕಳೆದುಕೊಂಡವಳಿಗೆ ಅದು ಒಳ್ಳೆಯದೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಮೊದಲ ಆರು ತಿಂಗಳು ಹಾಲೂಡಿಸುವವಳಿಗೆ ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕು.

ಊಟ ನಿಜವಾಗಿ ಬದಲಿಸುವುದು ಹಾಲಿನ ಗುಣವನ್ನು, ಮುಖ್ಯವಾಗಿ ಕೆಲವು ಜೀವಸತ್ವಗಳನ್ನು. ಇಲ್ಲಿ ನಮ್ಮ ಪಥ್ಯ ಎಡವುತ್ತದೆ. ತರಕಾರಿ ತಿಂದರೆ ಮಗುವಿಗೆ ಶೀತ, ಬೇಳೆ ತಿಂದರೆ ವಾಯು, ಹಣ್ಣು ತಿಂದರೆ ಕೆಮ್ಮು ಎಂದು ಒಂದೊಂದಾಗಿ ತೆಗೆದುಹಾಕಿದ ಮೇಲೆ ತಟ್ಟೆಯಲ್ಲಿ ಉಳಿಯುವುದು ಪಾಲಿಶ್ ಅಕ್ಕಿಯ ಅನ್ನ, ಮೆಣಸಿನ ಸಾರು, ತುಪ್ಪ. ಆ ಅಕ್ಕಿಯನ್ನೂ ಮೂರು ಸಲ ತೊಳೆದು, ಗಂಜಿ ಬಸಿದು ಚೆಲ್ಲಿರುತ್ತಾರೆ. ನೀರಿನಲ್ಲಿ ಕರಗುವ ಥಯಮಿನ್, ಅಂದರೆ ಬಿ-1 ಜೀವಸತ್ವ, ಅಷ್ಟರಲ್ಲಿ ಮೋರಿ ಸೇರಿರುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಇತ್ತೀಚಿನ ವರ್ಷಗಳಲ್ಲಿ ದಾಖಲಿಸಿದ ಪ್ರಕರಣಗಳು ಕಣ್ಣು ತೆರೆಸುವಂಥವು. ಬರೀ ತಾಯಿಹಾಲು ಕುಡಿಯುತ್ತಿದ್ದ ಕೆಲವೇ ತಿಂಗಳ ಕೂಸುಗಳು ಏದುಸಿರು ಬಿಡುತ್ತ, ಹಾಲು ಬಿಟ್ಟು, ಶ್ವಾಸಕೋಶದ ರಕ್ತದೊತ್ತಡ ವಿಪರೀತ ಏರಿದ ಸ್ಥಿತಿಯಲ್ಲಿ ಬಂದವು. ತಾಯಂದಿರನ್ನು ವಿಚಾರಿಸಿದರೆ ಬಹುತೇಕ ಎಲ್ಲರದೂ ಅನ್ನವೇ ಪ್ರಧಾನವಾದ ಪಥ್ಯದ ಊಟ. ಥಯಮಿನ್ ಚುಚ್ಚುಮದ್ದು ಕೊಟ್ಟ ಮೇಲೆ ಒಂದೆರಡು ದಿನಗಳಲ್ಲೇ ಮಕ್ಕಳು ಚೇತರಿಸಿಕೊಂಡವು. ಕಾಯಿಲೆಯ ಮೂಲ ಹೃದಯದಲ್ಲಿರಲಿಲ್ಲ, ಬಾಣಂತಿಯ ತಟ್ಟೆಯಲ್ಲಿತ್ತು. ಬೇಳೆ, ಕಾಳು, ರಾಗಿ, ಸೊಪ್ಪು, ಮೊಟ್ಟೆ, ರೂಢಿಯಿದ್ದರೆ ಮೀನು-ಮಾಂಸ, ಯಾವುದನ್ನೂ ಬಿಡಬೇಕಾಗಿಲ್ಲ. ‘ನೀರು ಕುಡಿದರೆ ಹೊಟ್ಟೆ ಬರುತ್ತೆ’ ಎಂಬ ನಿಷೇಧಕ್ಕೂ ಆಧಾರವಿಲ್ಲ. ದಾಹವಾದಷ್ಟು ಕುಡಿಯಬೇಕು.

ಕಾರಣವಿಲ್ಲದ ಅಳು

ಹಾಲು ಇಳಿಯುವ ಆ ಮೂರ್ನಾಲ್ಕನೇ ದಿನವೇ ತಾಯಿಗೆ ಸುಮ್ಮಸುಮ್ಮನೆ ಅಳು ಬರುತ್ತದೆ. ಇದು ಕಾಕತಾಳೀಯವಲ್ಲ. ಮಾಸಿನೊಂದಿಗೆ ಈಸ್ಟ್ರೊಜೆನ್ ಕೂಡ ಕುಸಿದಿರುತ್ತದೆ, ಮೇಲೆ ನಿದ್ರೆಗೇಡು. ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಹೀಗಾಗುತ್ತದೆ, ಎರಡು ವಾರದೊಳಗೆ ತಾನಾಗಿ ತಿಳಿಯಾಗುತ್ತದೆ. ತಾಯ್ತನಕ್ಕೆ ಮಿದುಳೂ ಹೊಂದಿಕೊಳ್ಳುತ್ತಿರುತ್ತದೆ. ನರವಿಜ್ಞಾನಿ ಎಲ್ಸೆಲೀನ್ ಹೂಕ್ಸೆಮಾ ಮತ್ತು ಸಂಗಡಿಗರು ಬಾರ್ಸಿಲೋನಾದಲ್ಲಿ ಚೊಚ್ಚಲು ತಾಯಂದಿರ ಮಿದುಳನ್ನು ಬಸಿರಿನ ಮುಂಚೆ ಮತ್ತು ನಂತರ ಸ್ಕ್ಯಾನ್ ಮಾಡಿ, ಇತರರ ಮನಸ್ಸನ್ನು ಗ್ರಹಿಸುವ ಭಾಗಗಳಲ್ಲಿ ಆದ ಬದಲಾವಣೆ ಎರಡು ವರ್ಷದ ನಂತರವೂ ಉಳಿದಿರುವುದನ್ನು ಕಂಡರು.

ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಮಗುವಿನ ಮೇಲೆ ಮನಸ್ಸೇ ಹೋಗದಿದ್ದರೆ, ‘ನಾನಿಲ್ಲದಿದ್ದರೇ ಚೆನ್ನ’ ಎನಿಸಿದರೆ ಅದು ಖಿನ್ನತೆ. ಭಾರತದ ಅಧ್ಯಯನಗಳನ್ನೆಲ್ಲ ಕಲೆಹಾಕಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ನೂರರಲ್ಲಿ ಸುಮಾರು 22 ಬಾಣಂತಿಯರಿಗೆ ಇದು ಕಾಡುತ್ತದೆ ಎನ್ನುತ್ತದೆ. ಇಲ್ಲದ್ದು ಕಾಣಿಸುವುದು, ಕೇಳಿಸುವುದು, ದಿಕ್ಕೆಟ್ಟ ಮಾತು ಶುರುವಾದರೆ ಅದು ಹಳಬರು ‘ಬಾಣಂತಿ ಸನ್ನಿ’ ಎನ್ನುತ್ತಿದ್ದ ತೀವ್ರ ಕಾಯಿಲೆ. ಸಾವಿರಕ್ಕೆ ಒಬ್ಬಿಬ್ಬರಿಗೆ ಬರುವ ಇದಕ್ಕೆ ಅಂದೇ ಆಸ್ಪತ್ರೆ ಬೇಕು. ದೃಷ್ಟಿ ತೆಗೆದು, ದೇವರ ಬಳಿ ಕೇಳಿಸಿ ದಿನ ಕಳೆಯುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗುವಿನ ಪ್ರತ್ಯೇಕ ಘಟಕವಿದೆ. ಅಲ್ಲಿ ಚಿಕಿತ್ಸೆಗೆಂದು ಕೂಸನ್ನು ತಾಯಿಯಿಂದ ದೂರ ಮಾಡುವುದಿಲ್ಲ, ಇಬ್ಬರನ್ನೂ ಜೊತೆಗೇ ಇರಿಸಿಕೊಳ್ಳುತ್ತಾರೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಹಾಲೂಡಿಸುವಾಗ ತೆಗೆದುಕೊಳ್ಳಬಹುದಾದ ಔಷಧಗಳು ಸಾಕಷ್ಟಿವೆ, ಮಗುವಿಗೆ ಹಾಲು ಕೊಡಬೇಕೆಂದು ಚಿಕಿತ್ಸೆ ಮುಂದೂಡಬೇಕಿಲ್ಲ.

ತವರು ಬಿಟ್ಟ ಮೇಲೆ

ಬಾಣಂತನ ಮುಗಿಸಿ ಗಂಡನ ಮನೆಗೋ, ಎರಡು ಕೋಣೆಯ ಬಾಡಿಗೆ ಮನೆಗೋ ಹೋದಾಗ ಆ ಬಿಡುವು ಒಮ್ಮೆಲೇ ಇಲ್ಲವಾಗುತ್ತದೆ. ಮುಂದೆ ಕೆಲಸದ ಚಿಂತೆ. 2017ರ ತಿದ್ದುಪಡಿಯ ನಂತರ ಮೊದಲೆರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ, 50 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವಲ್ಲಿ ಶಿಶುಪಾಲನಾ ಕೇಂದ್ರ, ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡಿಸುವ ಬಿಡುವು ಕಾನೂನಿನಲ್ಲಿವೆ. ಮನೆಗೆಲಸದವರಿಗೆ, ಕಟ್ಟಡ ಕಾರ್ಮಿಕರಿಗೆ, ಗದ್ದೆಯಲ್ಲಿ ಕೂಲಿ ಮಾಡುವವರಿಗೆ ಈ ರಜೆ ಬಹುಪಾಲು ಸಿಗುವುದೇ ಇಲ್ಲ. ಸಂಜೆ ಬಂದು ಬಿಗಿದ ಮೊಲೆಯನ್ನು ಮಗುವಿಗೆ ಕೊಡುವ ಅವರಲ್ಲಿ ಹಾಲು ಬತ್ತುವುದಕ್ಕೆ ಕಾರಣ ಮೇಕೆಯ ಪ್ರಯೋಗದಲ್ಲಿ ಕಂಡದ್ದೇ: ಹಗಲಿಡೀ ಖಾಲಿಯಾಗದ ಮೊಲೆ. ಕೆಲಸದ ನಡುವೆ ಎರಡು-ಮೂರು ಸಲ ಶುದ್ಧ ಕೈಯಿಂದ ಹಿಂಡಿದರೆ ತಯಾರಿ ನಿಲ್ಲುವುದಿಲ್ಲ. ಹಿಂಡಿದ ಹಾಲು ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಕೆಡದು. ರಾಯಚೂರಿನ ಬೇಸಿಗೆಯಲ್ಲಿ ನಾಲ್ಕು ಗಂಟೆಯನ್ನು ನೆಚ್ಚಿಕೊಳ್ಳಬೇಡಿ.

ತಕ್ಕಡಿ ಹೇಳುವುದು

ನಿಜವಾಗಿಯೂ ಹಾಲು ಸಾಲದ ತಾಯಂದಿರು ಇದ್ದಾರೆ. ಹಾಲುಗ್ರಂಥಿ ಸರಿಯಾಗಿ ಬೆಳೆಯದವರು, ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿ ಪಿಟ್ಯುಟರಿ ಸೊರಗಿದವರು, ಥೈರಾಯ್ಡ್ ತೊಂದರೆ ಇರುವವರು, ಮೊಲೆಯ ಶಸ್ತ್ರಚಿಕಿತ್ಸೆ ಆದವರು. ಅವರ ಸಂಖ್ಯೆ ಕಡಿಮೆ. ಆದರೆ ಅವರ ಮಕ್ಕಳಿಗೆ ವೈದ್ಯರು ಹೇಳಿದ ಪುಡಿ ಹಾಲು ಜೀವ ಉಳಿಸುವ ಆಹಾರ, ಅದನ್ನು ಕೊಟ್ಟ ತಾಯಿ ಯಾರಿಗೂ ಕಡಿಮೆಯವಳಲ್ಲ.

ಈ ಕೆಲವರನ್ನು ಉಳಿದವರಿಂದ ಬೇರೆಯಾಗಿ ಗುರುತಿಸುವುದು ಮಗುವಿನ ಅಳುವಿನಿಂದ ಆಗದ ಕೆಲಸ. ಮಗು ಅಳುವುದಕ್ಕೆ ನೂರು ಕಾರಣ. ಸಂಜೆ ಹೊತ್ತು ಗಂಟೆಗಟ್ಟಲೆ ಬಿಟ್ಟುಬಿಟ್ಟು ಕುಡಿಯುವುದು ಎಷ್ಟೋ ಮಕ್ಕಳ ಸ್ವಭಾವ. ಕೆಲವು ವಾರಗಳ ನಂತರ ಮೊಲೆ ಮೆತ್ತಗಾಗುವುದೂ ಬೇಡಿಕೆಗೆ ತಯಾರಿ ಹೊಂದಿಕೊಂಡ ಲಕ್ಷಣವೇ. ನೋಡಬೇಕಾದ್ದು ಎರಡು. ವಾರ ತುಂಬುವ ಹೊತ್ತಿಗೆ ದಿನಕ್ಕೆ ಆರು ಅಥವಾ ಅದಕ್ಕಿಂತ ಹೆಚ್ಚು ಸಲ ಬಟ್ಟೆ ಒದ್ದೆಯಾಗಬೇಕು, ಮೂತ್ರ ತಿಳಿಯಾಗಿರಬೇಕು. ಎರಡು ವಾರದೊಳಗೆ ಹುಟ್ಟಿದಾಗಿನ ತೂಕ ಮರಳಿ, ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರುತ್ತಿರಬೇಕು. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಭೇಟಿ ಕೊಡಬೇಕೆಂಬ ನಿಯಮವಿದೆ, ಅವರ ಚೀಲದಲ್ಲಿ ಕೂಸನ್ನು ತೂಗುವ ತಕ್ಕಡಿ ಇರುತ್ತದೆ. ಡಬ್ಬಿ ತರಲು ಹೊರಡುವ ಮುನ್ನ ಅವರನ್ನು ಕರೆಸಿ ಮಗುವನ್ನು ತೂಗಿಸಿ, ಹಿಡಿತ ತೋರಿಸಿಕೊಡಿ ಎಂದು ಕೇಳಿ. ತೂಕ ಏರುತ್ತಿದ್ದರೆ ಬಾಣಂತಿಗೆ ಬೇಕಿರುವುದು ಒಂದು ತಟ್ಟೆ ತುಂಬ ಊಟ, ಒಂದು ಚೊಂಬು ನೀರು, ಮತ್ತು ಕುಡಿಸಿ ಮುಗಿದ ಮೇಲೆ ತೇಗು ಬರಿಸಿ ಮಗುವನ್ನು ಎತ್ತಿಕೊಂಡು ತಿರುಗಾಡುವ ಇನ್ನೊಬ್ಬರು. ಆ ಇನ್ನೊಬ್ಬರು ಮಗುವಿನ ಅಪ್ಪನೇ ಆಗಬಹುದು.